ಸೀಸದ ಪೆಟ್ರೋಲು: ಸಾಬೀತು ಮಾಡಬೇಕಾದವರು ಯಾರು?

1924ರ ಅಕ್ಟೋಬರ್. ಪೆಟ್ರೋಲಿಗೆ ಬೆರೆಸುವ ಸೀಸದ ಸಂಯುಕ್ತ ತಯಾರಿಸುತ್ತಿದ್ದ ನ್ಯೂಜೆರ್ಸಿಯ ಘಟಕದಲ್ಲಿ ಐವರು ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. ಪೆಟ್ರೋಲಿನಲ್ಲಿ ಅದರ ಬಳಕೆಯನ್ನು ಕಂಡುಹಿಡಿದ ಥಾಮಸ್ ಮಿಡ್ಜ್ಲಿ ಪತ್ರಕರ್ತರೆದುರು ಅದರಲ್ಲೇ ಕೈ ತೊಳೆದು, ಏನೂ ಆಗಲ್ಲ ನೋಡಿ ಅಂತ ತೋರಿಸಿದ. ಹಿಂದಿನ ವರ್ಷವಷ್ಟೇ ಸೀಸದ ವಿಷಕ್ಕೆ ರಜೆ ಹಾಕಿ ಮಲಗಿದ್ದವನು ಅವನೇ!

1925ರಲ್ಲಿ ಸರ್ಕಾರ ಸಭೆ ಕರೆಯಿತು. ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಎಚ್ಚರಿಸಿದರು. ಆದರೆ ಮರುವರ್ಷ ತಜ್ಞರ ಸಮಿತಿ, ನಿಷೇಧಿಸಲು ಸಾಕಷ್ಟು ಕಾರಣ ಕಾಣುತ್ತಿಲ್ಲ, ಸಂಶೋಧನೆ ಮುಂದುವರಿಯಲಿ ಅಂದಿತು. ಮುಂದಿನ ದಶಕಗಳಲ್ಲಿ ಅದು ನಡೆದದ್ದು ಹೆಚ್ಚಾಗಿ ಉದ್ಯಮದ ದುಡ್ಡಿನಲ್ಲೇ.

ದಾರಿ ತೆರೆದದ್ದು 1970ರ ಶುದ್ಧ ಗಾಳಿ ಕಾಯ್ದೆ. ತಮಾಷೆ ಅಂದ್ರೆ, 1975ರ ಕಾರುಗಳಿಗೆ ಬಂದ ಕ್ಯಾಟಲಿಟಿಕ್ ಕನ್ವರ್ಟರ್ ಸೀಸದಿಂದ ಕೆಡುತ್ತಿತ್ತು, ಹಾಗಾಗಿ ಸೀಸವಿಲ್ಲದ ಪೆಟ್ರೋಲ್ ಬೇಕೇ ಬೇಕಾಯ್ತು. ಜನರ ಆರೋಗ್ಯಕ್ಕೆಂದು ಸೀಸ ಇಳಿಸುವ ನಿಯಮ ಮಾತ್ರ 1976ರವರೆಗೆ ಕೋರ್ಟಿನಲ್ಲಿ ತೂಗಾಡಿತು. ಕೊನೆಗೆ ಕೋರ್ಟು ಹೇಳಿದ್ದಿಷ್ಟು: ಹಾನಿ ಆಗಿಯೇ ತೀರಿದೆ ಎಂದು ತೋರಿಸಬೇಕಿಲ್ಲ, ಗಂಭೀರ ಅಪಾಯವಿದ್ದರೆ ಸರ್ಕಾರ ತಡೆಯಬಹುದು.

1980ರ ಹೊತ್ತಿಗೆ, ನಾಲ್ಕೇ ವರ್ಷಗಳಲ್ಲಿ, ಅಮೆರಿಕನ್ನರ ರಕ್ತದಲ್ಲಿನ ಸೀಸ ಸರಾಸರಿ ಸುಮಾರು ಶೇ. 37ರಷ್ಟು ಇಳಿಯಿತು. ರಸ್ತೆ ವಾಹನಗಳಿಗೆ ಪೂರ್ತಿ ನಿಷೇಧ ಬಂದದ್ದು 1996ರಲ್ಲಿ.

1926ರಲ್ಲೇ ಆ ಪ್ರಶ್ನೆಯನ್ನು ಮಾರುವವರಿಗೆ ಕೇಳಿದ್ದರೆ? ಅದನ್ನು ಕೇಳದೇ ಹೋದದ್ದಕ್ಕೆ ಮೂರು ತಲೆಮಾರಿನ ಮಕ್ಕಳು ಸೀಸ ಉಸಿರಾಡಿದರು.