ಅಡಕ

ಅಡಗು, ಅಡಕು, ಅಡಕ ಒಂದೇ ಬೇರಿನ ಪದಗಳು. ಅಡಗು ಎಂದರೆ ತಾನಾಗಿ ಒಳಸೇರುವುದು, ಅಡಕು ಎಂದರೆ ಒತ್ತಿ ತುಂಬುವುದು. ಚೆನ್ನೈಯಲ್ಲಿ ಯಾವ ತಮಿಳು ಪುಸ್ತಕ ತೆರೆದರೂ ಇದರ ಒಡಹುಟ್ಟು ಎದುರಾಗುತ್ತದೆ: ಪರಿವಿಡಿಗೆ ಅಲ್ಲಿ ‘ಪೊರುಳಡಕ್ಕಂ’. ಸಿ.ಡಿ.ಯನ್ನು ನಾವು ‘ಅಡಕ ಮುದ್ರಿಕೆ’ ಎಂದೆವು. ಚಿತ್ರದ ಕಡತ ಕಿರಿದಾಗಿಸುವುದಕ್ಕೂ ನನಗೆ ‘ಸಂಪೀಡನ’ಕ್ಕಿಂತ ಅಡಕವೇ ಹಿತ. ಅಡಕಿಟ್ಟದ್ದನ್ನು ಬಿಚ್ಚಬಹುದೆಂಬ ಭರವಸೆ ಅದರಲ್ಲಿದೆ.

ಜೆಪೆಗ್ ಚಿತ್ರದ ಹಿಂದಿರುವ ಗಣಿತ 1974ರ ಪ್ರಬಂಧದ್ದು. ಬರೆದ ಮೂವರಲ್ಲಿ ನಾಸಿರ್ ಅಹ್ಮದ್ ಬೆಂಗಳೂರಿನವರು, ಕೆ.ಆರ್. ರಾವ್ 1952ರಲ್ಲಿ ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದವರು, ಇನ್ನೊಬ್ಬರು ಟಿ. ನಟರಾಜನ್. ಚಿತ್ರವನ್ನು ಅಲೆಗಳಾಗಿ ಬಿಡಿಸಿ, ಕಣ್ಣು ಗುರುತಿಸದ ಸೂಕ್ಷ್ಮಗಳನ್ನು ಕೈಬಿಡುವಾಗ ನಷ್ಟವಾಗುತ್ತದೆ. ಉಳಿದ ಸಂಖ್ಯೆಗಳನ್ನು ಹಫ್‌ಮನ್ ಸಂಕೇತದಲ್ಲಿ ಬರೆಯುವಾಗ ಏನೂ ಕಳೆಯದು. ಈ ಸಂಕೇತ ಪ್ರಕಟವಾದದ್ದೂ 1952ರಲ್ಲೇ.

ಅಡಕಿದ ಕಡತವನ್ನು ಮತ್ತಷ್ಟು ಕಿರಿದಾಗಿಸುವ ‘ಮರುಅಡಕ’ ನಡೆಯುವುದು ಸಂಕೇತ ಬರೆಯುವ ಈ ಕೊನೆಯ ಹಂತದಲ್ಲಿ. ಹಳೆಯ ಸಂಕೇತವನ್ನು ಬಿಚ್ಚಿ, ಅವೇ ಸಂಖ್ಯೆಗಳನ್ನು ಇನ್ನೂ ಬಿಗಿಯಾದ ಸಂಕೇತದಲ್ಲಿ ಬರೆಯುತ್ತಾರೆ. 2016ರಲ್ಲಿ ಡ್ರಾಪ್‌ಬಾಕ್ಸ್ ಕಂಪನಿ ಹೊರತಂದ ಲೆಪ್ಟನ್ ತಂತ್ರಾಂಶ ಹೀಗೆ ಸುಮಾರು ಶೇ 22ರಷ್ಟು ಜಾಗ ಉಳಿಸಿತು. ಜೆಪೆಗ್ ಎಕ್ಸ್‌ಎಲ್ ಎಂಬ ಹೊಸ ಚಿತ್ರರೂಪ ಸುಮಾರು ಶೇ 20ರಷ್ಟು ಉಳಿಸುತ್ತದೆ. ಬೇಕೆಂದಾಗ ಮೂಲ ಕಡತ ಒಂದು ಬಿಟ್ ಕೂಡ ತಪ್ಪದೆ ಮರಳುತ್ತದೆ.

ಫೋಟೊ ತೆರೆದು ಮತ್ತೆ ಜೆಪೆಗ್ ಆಗಿ ಸೇವ್ ಮಾಡುವುದನ್ನು ಮರುಅಡಕ ಎನ್ನಲಾಗದು. ಅಲ್ಲಿ ಕೈಬಿಡುವ ಹಂತವೇ ಮತ್ತೆ ನಡೆದು, ಹಳೆಯ ಓಲೆಗರಿಯ ಚಿತ್ರವಾದರೆ ಅಕ್ಷರದ ಅಂಚು ಮಸುಕಾಗುತ್ತದೆ.