ದುರ್ಗದ ಇನ್ನೊಂದು ಕಿಂಡಿ: ಮಾಳಿಗೆ ಮನೆಯ ಗವಾಕ್ಷಿ ಗುಡಿಸಿದವರು ಯಾರು?

ಚಿತ್ರದುರ್ಗ ಅಂದ ತಕ್ಷಣ ಎಲ್ಲರಿಗೂ ಒಂದು ಕಿಂಡಿ ನೆನಪಾಗುತ್ತೆ, ಅಲ್ವಾ? ಹೈದರಾಲಿಯ ಸೈನಿಕರು ಬಂಡೆ ಸಂದಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದ್ದು, ಓಬವ್ವ ಒನಕೆ ಹಿಡಿದು ನಿಂತಿದ್ದು. ಆ ಕಥೆ ನಿಮಗೆ ಗೊತ್ತೇ ಇದೆ, ಅದನ್ನ ಮತ್ತೆ ಹೇಳಲ್ಲ. ಇವತ್ತು ಮಾತಾಡ್ತಿರೋದು ದುರ್ಗದ ಇನ್ನೊಂದು ಕಿಂಡಿ ಬಗ್ಗೆ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಳೇ ಮಾಳಿಗೆ ಮನೆಗಳಲ್ಲಿ ತಲೆ ಮೇಲೆ ಇರ್ತಿದ್ದ ಕಿಂಡಿ. ಗವಾಕ್ಷಿ. ಕೆಲವರು ಬೆಳಕಿಂಡಿ ಅಂತಾರೆ.

ಈ ವಿಷಯ ಯಾಕೆ ಈಗ ಅಂದ್ರೆ, ಫೋನಿನಲ್ಲಿ ‘ಏರ್ ಡಕ್ಟ್ ಕ್ಲೀನಿಂಗ್’ ಅನ್ನೋ ಜಾಹೀರಾತು ನೀವೂ ನೋಡಿರ್ತೀರಿ. ಹಳೇ ಮನೆಯ ಗಾಳಿ ಕೊಳವೆ ತೊಳೆಸಿ, ಆರೋಗ್ಯ ಉಳಿಸಿಕೊಳ್ಳಿ ಅಂತ. ಇದು ಮೂಲತಃ ಅಮೆರಿಕದ ಕಸುಬು. ಅಲ್ಲಿ ಚಳಿಗೆ ಇಡೀ ಮನೆಯನ್ನ ಒಂದೇ ಯಂತ್ರ ಬೆಚ್ಚಗೆ ಮಾಡುತ್ತೆ. ಆ ಬಿಸಿಗಾಳಿ ಗೋಡೆಯೊಳಗಿನ ತಗಡಿನ ಕೊಳವೆಗಳಲ್ಲಿ ಕೋಣೆ ಕೋಣೆಗೂ ಹೋಗುತ್ತೆ. ಅಂಥ ಕೊಳವೆ ತೊಳೆಯೋರದ್ದೇ ಒಂದು ಸಂಘ 1989ರಲ್ಲಿ ಹುಟ್ಟಿಕೊಳ್ತು. ಆದ್ರೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಹೇಳ್ತಾ ಬಂದಿರೋದು ಏನು ಗೊತ್ತಾ? ಬೂಷ್ಟು ಹಿಡಿದಿದ್ರೆ, ಇಲಿ ಹುಳ ಸೇರಿಕೊಂಡಿದ್ರೆ, ಧೂಳು ಕಟ್ಟಿ ಮುಚ್ಚಿಹೋಗಿದ್ರೆ ತೊಳೆಸಿ. ಸುಮ್ನೆ ವರ್ಷಾವರ್ಷ ತೊಳೆಸೋದರಿಂದ ಕಾಯಿಲೆ ತಪ್ಪುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂತ. ನಮ್ಮ ಮನೆಗಳಲ್ಲಂತೂ ಆ ಕೊಳವೆನೇ ಇಲ್ಲ. ಹಾಗಾದ್ರೆ ನಮ್ಮ ಹಳೇ ಮನೆ ಉಸಿರಾಡ್ತಿದ್ದದ್ದು ಎಲ್ಲಿಂದ?

ಮೊದಲು ಮಾಳಿಗೆ ಅಂದ್ರೆ ಏನು ನೋಡೋಣ. ಈ ಜಿಲ್ಲೆಯ ಮಳೆ ವರ್ಷಕ್ಕೆ ಹೆಚ್ಚುಕಮ್ಮಿ 600 ಮಿಲಿಮೀಟರ್. ಆಗುಂಬೆಯಲ್ಲಿ ಅದು 7,000 ದಾಟುತ್ತೆ. ಮಳೆ ಕಮ್ಮಿ ಇರೋದರಿಂದಲೇ ಇಲ್ಲಿ ಮಣ್ಣಿನ ಚಪ್ಪಟೆ ಛಾವಣಿ ನಿಲ್ತಿತ್ತು. ಗೋಡೆ ಮೇಲೆ ತೊಲೆ, ತೊಲೆ ಮೇಲೆ ಜಂತೆ, ಅದರ ಮೇಲೆ ಸೊಪ್ಪು ಕಡ್ಡಿ ಹಾಸಿ ಮಣ್ಣು ತುಳಿಯೋದು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಜನ ‘ಸೌಳು’ ಅಂತಾರೆ. ಬೆಳೆ ಬಾರದ ಈ ಮಣ್ಣು ಮಾಳಿಗೆಗೆ ಮಾತ್ರ ಬಂಗಾರ. ಅದರಲ್ಲಿರೋ ಸೋಡಿಯಂನಿಂದ ಜೇಡಿಯ ಕಣಗಳು ನೀರು ಬಿದ್ದಾಗ ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡ್ತವೆ. ಆಮೇಲೆ ನೀರು ಕೆಳಗಿಳಿಯಲ್ಲ. ಹೊಲದಲ್ಲಿ ಶಾಪ ಆಗಿದ್ದ ಗುಣವೇ ಛಾವಣಿಯಲ್ಲಿ ವರ.

ಒಂದಡಿ, ಒಂದೂವರೆ ಅಡಿ ದಪ್ಪದ ಇಂಥ ಮಾಳಿಗೆ ಬಿಸಿಲನ್ನ ಚೆನ್ನಾಗಿ ತಡೆಯುತ್ತೆ. ಆದ್ರೆ ಗಾಳಿ? ಬಿ.ಎಲ್. ರೈಸ್ 1897ರ ಮೈಸೂರು ಗ್ಯಾಸೆಟಿಯರ್‌ನಲ್ಲಿ ಈ ಸೀಮೆಯೂ ಸೇರಿದಂತೆ ಸಂಸ್ಥಾನದ ಜನಸಾಮಾನ್ಯರ ಮನೆಗಳನ್ನ ವರ್ಣಿಸ್ತಾ, ಮಣ್ಣಿನ ತಗ್ಗು ಮನೆಗಳು, ಬಾಗಿಲು ಬಿಟ್ಟರೆ ಹೊರಗಡೆಗೆ ಕಿಂಡಿಗಳು ತೀರಾ ಕಮ್ಮಿ ಅಂತ ಬರೀತಾರೆ. ಕಾರಣ ಊಹಿಸೋದು ಕಷ್ಟವಿಲ್ಲ. ಪಾಳೆಗಾರರ ಜಗಳ, ದಂಡು, ದರೋಡೆ ಕಂಡ ಸೀಮೆ ಇದು. ಬೀದಿಗೆ ಕಿಟಕಿ ಇಡೋದು ಅಂದ್ರೆ ಕಳ್ಳನಿಗೆ ಬಾಗಿಲು ತೆರೆದ ಹಾಗೆ. ಹಾಗಾಗಿ ಕಿಟಕಿ ಗೋಡೆ ಬಿಟ್ಟು ಮಾಳಿಗೆ ಹತ್ತಿತು.

ಗವಾಕ್ಷ ಅನ್ನೋದು ಸಂಸ್ಕೃತ ಪದ, ಅಕ್ಷರಶಃ ಅರ್ಥ ಎತ್ತಿನ ಕಣ್ಣು. ಗುಹಾಲಯ, ದೇವಸ್ಥಾನಗಳ ಕಮಾನಿನ ಅಲಂಕಾರಕ್ಕೂ ಇದೇ ಹೆಸರು. ನಮ್ಮ ಮಾಳಿಗೆಯ ಗವಾಕ್ಷಿಗೆ ಅಲಂಕಾರ ಏನಿಲ್ಲ. ಗೇಣಗಲದಿಂದ ಮೊಳದಗಲದವರೆಗಿನ ಒಂದು ತೂತು. ಎಷ್ಟೋ ಕಡೆ ತಳ ಒಡೆದ ಮಡಿಕೆಯನ್ನೇ ಅದಕ್ಕೆ ಕೂರಿಸ್ತಿದ್ರು. ಮಳೆ ನೀರು ಒಳಗೆ ಬಾರದ ಹಾಗೆ ಸುತ್ತ ಮಣ್ಣಿನ ಕಟ್ಟೆ. ಪಕ್ಕದಲ್ಲೇ ಮುಚ್ಚೋಕೆ ಒಂದು ಕಲ್ಲು ಚಪ್ಪಡಿ ಅಥವಾ ತಗಡು. ಮೋಡ ಗುಡುಗಿದ್ರೆ ಮನೆಯ ಯಾರಾದ್ರೂ ಒಬ್ಬರು ಮಾಳಿಗೆಗೆ ಓಡಬೇಕಿತ್ತು. ಹಳೇ ತಲೆಮಾರಿನವರನ್ನ ಕೇಳಿ, ‘ಗವಾಕ್ಷಿ ಮುಚ್ರೋ’ ಅನ್ನೋ ಕೂಗು ಅವರಿಗೆ ಇನ್ನೂ ನೆನಪಿರುತ್ತೆ.

ಕೆಲಸ ಸರಳ. ಒಲೆಯ ಬಿಸಿಗೆ ಗಾಳಿ ಹಗುರಾಗಿ ಮೇಲೇರಿ ಗವಾಕ್ಷಿಯಿಂದ ಹೊರಗೆ ಹೋಗುತ್ತೆ, ಆ ಜಾಗಕ್ಕೆ ಬಾಗಿಲಿನಿಂದ ತಂಪು ಗಾಳಿ ಬರುತ್ತೆ. ಎಂಜಿನಿಯರ್‌ಗಳ ಭಾಷೆಯಲ್ಲಿ ಇದೂ ಡಕ್ಟೇ. ಬರೀ ಒಂದೂವರೆ ಅಡಿ ಉದ್ದದ, ನೆಟ್ಟಗಿನ, ಒಂದೂ ತಿರುವಿಲ್ಲದ ಡಕ್ಟ್. ಈ ನೆಟ್ಟಗಿರೋ ಗುಣ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆದ್ರೆ ಹೊಗೆಯೆಲ್ಲ ಹೋಗ್ತಿತ್ತಾ? ಇಲ್ಲ. ಜಾಲಿ ಸೌದೆ, ತೊಗರಿ ಕಟ್ಟಿಗೆ, ಕುಳ್ಳು, ಹೊಸದುರ್ಗ ಹೊಳಲ್ಕೆರೆ ಕಡೆ ತೆಂಗಿನ ಗರಿ, ಮಟ್ಟೆ. ಇವುಗಳ ಹೊಗೆ ಅರ್ಧ ಹೊರಗೆ, ಅರ್ಧ ಒಳಗೆ. ತೊಲೆ, ಜಂತೆ, ಗವಾಕ್ಷಿಯ ಒಳಮೈ ಎಲ್ಲಾ ಕರ್ರಗೆ ಮಿಂಚ್ತಿದ್ವು. ಆ ಹೊಗೆಯ ಮಸಿ ಜೇಡರ ಬಲೆ ಜೊತೆ ಸೇರಿ ಜೋತಾಡೋದಕ್ಕೆ ಕನ್ನಡದಲ್ಲಿ ಒಂದು ಒಳ್ಳೇ ಪದ ಇದೆ: ಇಲ್ಲಣ. ಹೊಗೆಯಿಂದ ಒಂದು ಲಾಭವೂ ಇತ್ತು ಅನ್ನಿ. ತೊಲೆಗೆ ಹುಳ ಹಿಡೀತಿರಲಿಲ್ಲ, ಒಲೆ ಮೇಲೆ ತೂಗುಹಾಕಿದ ಬಿತ್ತನೆ ತೆನೆ ಕೆಡ್ತಿರಲಿಲ್ಲ. ಆ ಲಾಭದ ಲೆಕ್ಕ ಕೊಟ್ಟದ್ದು ಮಾತ್ರ ಒಲೆ ಮುಂದೆ ಕೂತವರ ಕಣ್ಣು, ಎದೆ.

ಈ ಇಲ್ಲಣ ತೆಗೀತಿದ್ದವರು ಯಾರು? ಯುಗಾದಿ ಮುಂದೆ, ಮಾರ್ನಮಿ ಮುಂದೆ, ಉದ್ದ ಗಳಕ್ಕೆ ಕಸಬರಿಗೆ ಕಟ್ಟಿ, ಮುಖಕ್ಕೆ ಸೆರಗು ಸುತ್ತಿಕೊಂಡು ಮನೆ ಹೆಂಗಸರು. ಮೇಲಿಂದ ಮಸಿ ಕಣ್ಣಿಗೇ ಉದುರೋದು. ಆಮೇಲೆ ಸುಣ್ಣ ಬಳಿಯೋದು, ಸಾರಿಸೋದು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಹೊಸ ಮಣ್ಣು ಹಾಕೋಕೆ ಗಂಡಸರು, ಆಳುಗಳು ಬರ್ತಿದ್ರು, ಅದಕ್ಕೆ ಕೂಲಿ ಇತ್ತು. ಕೆಳಗಿನ ಕೆಲಸಕ್ಕೆ ಕೂಲಿನೂ ಇಲ್ಲ, ಹೆಸರೂ ಇಲ್ಲ. ಮಡಿಕೆ ಮಾಡೋನು ಕುಂಬಾರ, ಬಟ್ಟೆ ಒಗೆಯೋನು ಮಡಿವಾಳ. ಇಲ್ಲಣ ತೆಗೆಯೋರಿಗೆ ಕನ್ನಡದಲ್ಲಿ ಕಸುಬಿನ ಹೆಸರೇ ಇಲ್ಲ ನೋಡಿ. ಇಂಗ್ಲಿಷಿನ ಚಿಮ್ನಿ ಅನ್ನೋ ಪದ ನಮ್ಮಲ್ಲಿಗೆ ಬಂದಾಗಲೂ ಹೊಗೆಗೊಳವೆ ಆಗಿ ನಿಲ್ಲಲಿಲ್ಲ, ಸೀಮೆಎಣ್ಣೆ ದೀಪ ಆಯ್ತು. ಚಿಮಣಿ ದೀಪ, ಚಿಮಣಿ ಎಣ್ಣೆ.

ಕಸುಬಾದ ಕಡೆ ಪರಿಸ್ಥಿತಿ ಚೆನ್ನಾಗಿತ್ತು ಅಂದುಕೋಬೇಡಿ. ಲಂಡನ್ನಿನಲ್ಲಿ ಇಕ್ಕಟ್ಟಾದ, ಡೊಂಕು ಚಿಮ್ನಿಗಳೊಳಗೆ ಪುಟ್ಟ ಹುಡುಗರನ್ನ ಹತ್ತಿಸಿ ಮಸಿ ಕೆರೆಸ್ತಿದ್ರು. 1775ರಲ್ಲಿ ಪರ್ಸಿವಲ್ ಪಾಟ್ ಅನ್ನೋ ವೈದ್ಯ ಈ ಕೆಲಸದವರಿಗೆ ಬರ್ತಿದ್ದ ಕ್ಯಾನ್ಸರ್‌ಗೆ ಮಸಿಯೇ ಕಾರಣ ಅಂತ ಗುರುತಿಸಿದ. ಕಸುಬಿನಿಂದ ಕ್ಯಾನ್ಸರ್ ಬರುತ್ತೆ ಅಂತ ವೈದ್ಯಲೋಕ ಮೊದಲು ಕಲಿತದ್ದು ಹೀಗೆ. ಕಾನೂನುಗಳು ಒಂದಾದ ಮೇಲೊಂದು ಬಂದವು, ಪದ್ಧತಿ ನಿಜವಾಗಿ ನಿಂತದ್ದು 1875ರಲ್ಲಿ. ನೂರು ವರ್ಷ!

ನಮ್ಮ ಕಡೆ ಗಾಳಿ ಬೆಳಕಿನ ಬಗ್ಗೆ ಸರ್ಕಾರ ಮೊದಲು ತಲೆ ಕೆಡಿಸಿಕೊಂಡದ್ದು ಪ್ಲೇಗ್ ಕಾಲದಲ್ಲಿ. 1898ರಲ್ಲಿ ಪ್ಲೇಗ್ ಬೆಂಗಳೂರಿಗೆ ಬಂತು, ಅಲ್ಲಿಂದ ಸಂಸ್ಥಾನಕ್ಕೆಲ್ಲ ಹರಡ್ತು. ಜನ ಊರು ಬಿಟ್ಟು ಹೊಲದಲ್ಲಿ ಗುಡ್ಲು ಹಾಕ್ಕೊಂಡ್ರು. ಗಾಳಿಯಿಲ್ಲದ ಕತ್ತಲೆ ಮನೆಯೇ ರೋಗದ ತವರು ಅಂತ ಆಗಿನ ಅಧಿಕಾರಿಗಳ ನಂಬಿಕೆ. ಅಸಲಿಗೆ ಪ್ಲೇಗ್ ಹರಡ್ತಿದ್ದದ್ದು ಇಲಿಯ ಚಿಗಟದಿಂದ. ಕಾರಣ ತಪ್ಪಾಗಿದ್ರೂ ಮನೆಗೆ ಕಿಟಕಿ ಬೇಕು ಅನ್ನೋ ಮಾತು ಗಟ್ಟಿಯಾಗಿ ಉಳೀತು. ಮುಂದೆ ಮಂಗಳೂರು ಹೆಂಚು, ನಡುವೆ ಒಂದು ಗಾಜಿನ ಹೆಂಚು ಬಂತು. ಹೆಂಚಿನ ಸಂದಿಯಲ್ಲೇ ಹೊಗೆ ಹೋಗೋದು.

ಈಗ ಕಥೆಯ ಮುಖ್ಯ ಭಾಗ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅನ್ನೋ ವಿಜ್ಞಾನಿ ‘ಅಸ್ತ್ರ’ ಅನ್ನೋ ವಿಭಾಗ ಶುರು ಮಾಡಿದ್ರು, ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋಕೆ. ಇವರ ಹಳ್ಳಿ ಕೇಂದ್ರ ಇದ್ದದ್ದು ಪಕ್ಕದ ತುಮಕೂರು ಜಿಲ್ಲೆಯ ಉಂಗ್ರದಲ್ಲಿ. 1980ರ ದಶಕದ ಆರಂಭದಲ್ಲಿ ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಮೂರು ಪಾತ್ರೆ ಸಾಲಾಗಿ ಕೂರುತ್ವೆ, ಬೆಂಕಿ ಒಂದೇ ಕಡೆ. ಬಿಸಿ ಹೊಗೆ ಒಳಗಿಂದೊಳಗೆ ಮೂರೂ ಪಾತ್ರೆ ಕೆಳಗೆ ಹಾದು ಕೊನೆಗೆ ಕೊಳವೆಯಿಂದ ಛಾವಣಿ ಮೇಲೆ ಹೋಗುತ್ತೆ. ಸೌದೆ ಉಳಿಯುತ್ತೆ, ಅಡುಗೆಮನೆಯಲ್ಲಿ ಹೊಗೆ ಇಲ್ಲ. ನನ್ನ ಪ್ರಕಾರ ಕನ್ನಡನಾಡಿನ ಅಡುಗೆಮನೆಗೆ ವಿಜ್ಞಾನ ಕೊಟ್ಟ ಅತ್ಯುತ್ತಮ ಕಾಣಿಕೆಗಳಲ್ಲಿ ಇದೂ ಒಂದು. ರಾಜ್ಯದ ಹಳ್ಳಿಗಳಿಗೆ ಇದು ಹರಡ್ತು. ಕೇಂದ್ರ ಸರ್ಕಾರವೂ 1980ರ ದಶಕದಲ್ಲೇ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ತಂದು, ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆ ಹಾಕಿಸ್ತು.

ಆಮೇಲೇನಾಯ್ತು? ಹೊಗೆ ಉದ್ದನೆಯ ಕೊಳವೆಯಲ್ಲಿ ತಣ್ಣಗಾಗ್ತಾ ಹೋದಂತೆ ಮಸಿ, ಅಂಟು ಗೋಡೆಗೆ ಕೂರುತ್ತೆ. ಸೌದೆ ಹಸಿಯಾಗಿದ್ರೆ ಇನ್ನೂ ಬೇಗ. ಕೊಳವೆ ಕಿರಿದಾದಷ್ಟು ಎಳೆತ ಕಮ್ಮಿ. ಒಂದು ದಿನ ಹೊಗೆ ಮೇಲೆ ಹೋಗೋ ಬದಲು ಅಡುಗೆಮನೆಗೇ ವಾಪಸ್. ಗವಾಕ್ಷಿ ಆಗಿದ್ರೆ ಕೆಳಗೆ ನಿಂತು ಗಳ ಆಡಿಸಿದ್ರೆ ಮುಗೀತು. ಈ ಕೊಳವೆ ತೆರವು ಮಾಡೋಕೆ ಛಾವಣಿ ಹತ್ತಬೇಕು, ಮೇಲಿನ ಟೋಪಿ ಬಿಚ್ಚಬೇಕು, ಉದ್ದನೆ ಬ್ರಷ್ ಇಳಿಸಬೇಕು, ಒಲೆಯೊಳಗಿನ ದಾರಿಯನ್ನೂ ಕೆರೆಯಬೇಕು. ಒಲೆ ಕಟ್ಟೋಕೆ ತರಬೇತಿ ಪಡೆದ ಮೇಸ್ತ್ರಿ ಬಂದ, ಅದಕ್ಕೆ ಸಬ್ಸಿಡಿ ಇತ್ತು. ಕೊಳವೆ ಕ್ಲೀನ್ ಮಾಡೋಕೆ ಬರೋ ಮನುಷ್ಯನಿಗೆ ಯೋಜನೆಯಲ್ಲಿ ಜಾಗವಿರಲಿಲ್ಲ. ಅದು ಹೇಗೂ ಮನೆ ಹೆಂಗಸಿನ ಕೆಲಸ ಅಂದುಕೊಂಡ್ರು. ಸೀರೆ ಉಟ್ಟು, ಕೂಸು ಎತ್ತಿಕೊಂಡು, ಸೌದೆ ನೀರು ಎಲ್ಲಾ ನೋಡಿಕೊಂಡು, ಮೇಲೆ ಛಾವಣಿಯನ್ನೂ ಹತ್ತಬೇಕಂತೆ! ಎಷ್ಟೋ ಮನೆಗಳಲ್ಲಿ ‘ಈ ಒಲೆ ಸರಿಯಿಲ್ಲ’ ಅಂತ ಪಕ್ಕದಲ್ಲಿ ಮೂರು ಕಲ್ಲು ಹೂಡಿದ್ರು. ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಂತೇಹೋಯ್ತು.

ಇದು ಬರೀ ನನ್ನ ಊಹೆ ಅಲ್ಲ. ಎಸ್ತರ್ ಡುಫ್ಲೋ, ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ರೇಮಾ ಹನ್ನಾ ಮತ್ತು ಮೈಕೆಲ್ ಗ್ರೀನ್‌ಸ್ಟೋನ್ ಜೊತೆ ಒಡಿಶಾದ ಸುಮಾರು 2,600 ಮನೆಗಳಲ್ಲಿ ಇದೇ ಥರದ ಕೊಳವೆ ಒಲೆಗಳನ್ನ ನಾಲ್ಕು ವರ್ಷ ಹಿಂಬಾಲಿಸಿದ್ರು. ಮೊದಲ ವರ್ಷ ಅಡುಗೆ ಮಾಡೋರ ಉಸಿರಿಗೆ ಸೇರೋ ಹೊಗೆ ಇಳೀತು. ಆಮೇಲೆ ಆ ಲಾಭ ಕರಗಿತು, ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಜನ ಒಲೆಯನ್ನ ಸರಿಯಾಗಿ ಬಳಸಲಿಲ್ಲ, ರಿಪೇರಿ ನಿರ್ವಹಣೆಗೆ ಬೇಕಾದ ಖರ್ಚು, ಸಮಯ ಹಾಕಲಿಲ್ಲ. ಪ್ರಯೋಗಾಲಯದಲ್ಲಿ ಗೆದ್ದ ಒಲೆ ಮಸಿಗೆ ಸೋತಿತ್ತು. ಇದು ಸಣ್ಣ ವಿಷಯ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸತ್ತವರು ಸುಮಾರು 32 ಲಕ್ಷ.

2016ರಲ್ಲಿ ಉಜ್ವಲ ಯೋಜನೆ ಬಂತು, ಹಳ್ಳಿ ಅಡುಗೆಮನೆಗೆ ಸಿಲಿಂಡರ್ ಬಂತು. ಅಷ್ಟರಲ್ಲಿ ಮಾಳಿಗೆಗಳೂ ಉರುಳಿ ಆರ್‌ಸಿಸಿ ಆಗ್ತಿದ್ವು. ಉಳಿದ ಮಾಳಿಗೆಗಳಲ್ಲಿ ಗವಾಕ್ಷಿಗೆ ಗಾಜು ಕೂರಿಸಿದ್ರು. ಬೆಳಕು ಬರುತ್ತೆ, ಗಾಳಿ ಹೋಗಲ್ಲ. ಈಗ ಪಟ್ಟಣದ ಅಡುಗೆಮನೆಗಳಲ್ಲಿ ವಿದ್ಯುತ್ ಚಿಮಣಿ. ಅದರ ಹಿಂದೆ ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪು, ಎರಡು ಮೂರು ತಿರುವು, ಪ್ರತಿ ತಿರುವಿನಲ್ಲೂ ಒಗ್ಗರಣೆ ಜಿಡ್ಡು. ಹಿರಿಯೂರಿನ ಹತ್ತಿರ ಹೆದ್ದಾರಿ 48ರ ಪಕ್ಕದ ಹೋಟೆಲುಗಳಂಥ ದೊಡ್ಡ ಅಡುಗೆಮನೆಗಳಲ್ಲಿ ಈ ಜಿಡ್ಡು ಬರೀ ಕೊಳೆ ಅಲ್ಲ. ಬಾಣಲೆ ಬೆಂಕಿ ಒಮ್ಮೆ ಡಕ್ಟಿನೊಳಗೆ ಹೊಕ್ಕರೆ ಇಡೀ ಕೊಳವೆ ಉರಿಯುತ್ತೆ. ಅಂಥ ಕಡೆ ದುಡ್ಡು ಕೊಟ್ಟು ಕಸುಬುದಾರರಿಂದ ಡಕ್ಟ್ ತೊಳೆಸೋದು ನಿಜಕ್ಕೂ ಬೇಕಾದ ಕೆಲಸ.

ಮನೆಗಳ ಮಟ್ಟಿಗೆ ನಾನು ಮೊದಲು ನೋಡಿ ಅನ್ನೋದು ಬಚ್ಚಲನ್ನ. ಗ್ಯಾಸ್ ಬಂದ ಮನೆಗಳಲ್ಲೂ ಹಂಡೆ ಒಲೆ ಇನ್ನೂ ಉರೀತಿದೆ, ತೆಂಗಿನ ಮಟ್ಟೆ, ಕಾಗದ, ಕೆಲವೊಮ್ಮೆ ಪ್ಲಾಸ್ಟಿಕ್ಕೂ ಹಾಕ್ತಾರೆ. ಪ್ಲಾಸ್ಟಿಕ್ ದಯವಿಟ್ಟು ಬೇಡ. ಹೊಗೆ ಪೈಪು ಇದ್ರೆ, ಒಲೆ ಪೂರ್ತಿ ಆರಿದ ಮೇಲೆ, ಮೂಗು ಬಾಯಿಗೆ ಒದ್ದೆ ಬಟ್ಟೆ ಸಾಲದು, ಒಳ್ಳೇ ಮಾಸ್ಕ್ ಹಾಕಿ, ಮೇಲಿನ ಟೋಪಿ ತೆಗೆದು ಬ್ರಷ್ ಇಳಿಸಿ. ಪೈಪು ಇಲ್ಲದಿದ್ರೆ ಮೇಲೆ ಒಂದು ಕಿಂಡಿಯಾದ್ರೂ ತೆರೆದಿದೆಯಾ ನೋಡಿ. ಈ ಸಲದ ಮಾರ್ನಮಿಗೆ ಗಳ ಯಾರ ಕೈಲಿದೆ ಅಂತಲೂ ನೋಡಿ. ಅಮ್ಮನೋ ಅಜ್ಜಿನೋ ಆಗಿದ್ರೆ ಇಸ್ಕೊಳ್ಳಿ.