ಕೊಡುವವರೊಬ್ಬರು, ಆರಿಸುವವರೊಬ್ಬರು: ಅಮೆರಿಕದ ಟೈಟಲ್ ವಿಮೆಯ ದರ ನಡೆದು ಬಂದ ದಾರಿ

ಫ್ಲಾರಿಡಾದಲ್ಲಿ 3 ಲಕ್ಷ ಡಾಲರಿನ ಮನೆ ಕೊಂಡರೆ ಟೈಟಲ್ ವಿಮೆಯ, ಅಂದರೆ ಆಸ್ತಿಯ ಹಕ್ಕಿಗೆ ಮಾಡಿಸುವ ವಿಮೆಯ, ಪ್ರೀಮಿಯಂ 1,575 ಡಾಲರ್. ಮೊದಲ 1 ಲಕ್ಷಕ್ಕೆ ಸಾವಿರಕ್ಕೆ 5.75 ಡಾಲರ್, ಅಲ್ಲಿಂದ 10 ಲಕ್ಷದವರೆಗೆ ಸಾವಿರಕ್ಕೆ 5 ಡಾಲರ್ ಎಂದು ರಾಜ್ಯವೇ ಗೊತ್ತುಮಾಡಿದೆ. ಕಂಪನಿ ಬದಲಾದರೂ ದರಪಟ್ಟಿ ಬದಲಾಗದು. ಟೆಕ್ಸಾಸ್, ನ್ಯೂ ಮೆಕ್ಸಿಕೋಗಳಲ್ಲೂ ದರ ಸರ್ಕಾರದ್ದೇ. ಉಳಿದ ಬಹುಪಾಲು ರಾಜ್ಯಗಳಲ್ಲಿ ಕಂಪನಿಗಳು ತಮ್ಮ ದರವನ್ನು ವಿಮಾ ಇಲಾಖೆಗೆ ಸಲ್ಲಿಸಿ ಮಾರುತ್ತವೆ. ಅಯೋವಾದಲ್ಲಂತೂ ಖಾಸಗಿ ಕಂಪನಿ ಇದನ್ನು ಮಾರುವಂತೆಯೇ ಇಲ್ಲ. ಸರಕು ಒಂದೇ, ಬೆಲೆ ಕಟ್ಟುವ ಬಗೆ ಮಾತ್ರ ರಾಜ್ಯಕ್ಕೊಂದು.

ಈ ಸರಕಿನ ಸ್ವಭಾವವೇ ಬೇರೆ. ವಾಹನ ವಿಮೆ ನಾಳೆಯ ಅಪಘಾತಕ್ಕೆ. ಟೈಟಲ್ ವಿಮೆ ನಿನ್ನೆಯ ದೋಷಕ್ಕೆ. ಹಿಂದಿನ ಮಾಲೀಕನ ತೀರದ ಸಾಲ, ನಕಲಿ ಸಹಿ, ಬಿಟ್ಟುಹೋದ ವಾರಸುದಾರ ಇವೆಲ್ಲ ಮುಂದೊಂದು ದಿನ ಎದ್ದು ಬಂದರೆ ಕಂಪನಿ ಮೊಕದ್ದಮೆ ನಡೆಸಿ ನಷ್ಟ ತುಂಬಿಕೊಡಬೇಕು. ಹಣ ಕಟ್ಟುವುದು ಒಂದೇ ಸಲ, ರಕ್ಷಣೆ ಆ ಆಸ್ತಿಯಲ್ಲಿ ನಮ್ಮ ಅಥವಾ ನಮ್ಮ ವಾರಸುದಾರರ ಹಕ್ಕು ಇರುವವರೆಗೂ. ಆದ್ದರಿಂದ ಕಂಪನಿಯ ಖರ್ಚಿನ ಮುಖ್ಯ ಭಾಗ ಪರಿಹಾರದಲ್ಲಿಲ್ಲ, ಹಳೆಯ ಕಡತ ಹುಡುಕಿ ದೋಷವನ್ನು ಮೊದಲೇ ಹಿಡಿಯುವುದರಲ್ಲಿದೆ.

ಈ ವ್ಯವಹಾರ ಹುಟ್ಟಿದ್ದೂ ಒಂದು ಹುಡುಕಾಟದ ತಪ್ಪಿನಿಂದ. ಪೆನ್ಸಿಲ್ವೇನಿಯಾದಲ್ಲಿ ಮ್ಯೂರ್‌ಹೆಡ್ ಎಂಬ ದಸ್ತಾವೇಜುಗಾರ, ವಕೀಲರ ಅಭಿಪ್ರಾಯ ನಂಬಿ, ಕಡತದಲ್ಲಿದ್ದ ಹಳೆಯ ತೀರ್ಪೊಂದು ಆಸ್ತಿಗೆ ಅಂಟಿದ ಋಣವಲ್ಲ ಎಂದುಬಿಟ್ಟ. ಅದು ಋಣವೇ ಆಗಿತ್ತು. ಆ ಆಸ್ತಿಯನ್ನು ಕೊಂಡ ವ್ಯಾಟ್ಸನ್ ಹಣ ಕಳೆದುಕೊಂಡ. ಎಚ್ಚರದಿಂದಲೇ ನಡೆದುಕೊಂಡವನನ್ನು ಹೊಣೆ ಮಾಡಲಾಗದು ಎಂದು 1868ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಯಾರ ತಪ್ಪೂ ಇಲ್ಲದೆ ಆಗುವ ನಷ್ಟಕ್ಕೆ ಯಾರು ಹೊಣೆ? 1874ರಲ್ಲಿ ಅಲ್ಲಿ ಟೈಟಲ್ ವಿಮೆಗೆ ದಾರಿ ಮಾಡುವ ಕಾನೂನು ಬಂತು. 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಮೊದಲ ಕಂಪನಿ ತೆರೆಯಿತು. ವಕೀಲರ ಅಭಿಪ್ರಾಯದ ಜಾಗಕ್ಕೆ ಬೆಲೆಯುಳ್ಳ ಭರವಸೆ ಬಂದು ಕೂತಿತು.

1945ರ ಮೆಕ್ಯಾರನ್–ಫರ್ಗುಸನ್ ಕಾಯ್ದೆ ವಿಮೆಯ ಉಸ್ತುವಾರಿಯನ್ನು ರಾಜ್ಯಗಳಿಗೇ ಬಿಟ್ಟಿತು. ಹಲವೆಡೆ ಕಂಪನಿಗಳು ಸೇರಿ ದರ ನಿಗದಿ ಮಂಡಳಿ ಕಟ್ಟಿಕೊಂಡು ಒಂದೇ ದರ ಸಲ್ಲಿಸತೊಡಗಿದವು. ಇಲಾಖೆ ಬೇಡವೆನ್ನದಿದ್ದರೆ ಅದೇ ಜಾರಿ. ಅಯೋವಾ 1947ರಲ್ಲಿ ಈ ವಿಮೆಯನ್ನೇ ನಿಷೇಧಿಸಿತು. ಆದರೆ ಹೊರಗಿನ ಸಾಲದಾತರು ಖಾತರಿ ಕೇಳುವುದು ನಿಲ್ಲಲಿಲ್ಲ. 1985ರಲ್ಲಿ ಸರ್ಕಾರವೇ ಟೈಟಲ್ ಖಾತರಿ ಸಂಸ್ಥೆ ತೆರೆದು ಕಡಿಮೆ ಶುಲ್ಕಕ್ಕೆ ಕೊಡಲಾರಂಭಿಸಿತು. ಅಲ್ಲಿ ಕಡತ ಹುಡುಕುವವರು ಮತ್ತು ವಕೀಲರು ಬೇರೆ ಶುಲ್ಕ ಪಡೆಯುತ್ತಾರೆ. ಹುಡುಕುವ ಕೂಲಿ ಮತ್ತು ಅಪಾಯದ ಬೆಲೆ ಎರಡೂ ಅಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ.

ಬೇರೆ ರಾಜ್ಯಗಳಲ್ಲಿ ದರ ಇಳಿಯದಿರಲು ಇನ್ನೊಂದು ಕಾರಣವಿತ್ತು. ಮನೆ ಕೊಳ್ಳುವವರು ಟೈಟಲ್ ಕಂಪನಿಯನ್ನು ಹುಡುಕಿಕೊಂಡು ಹೋಗುವುದು ಅಪರೂಪ. ಮನೆ ತೋರಿಸಿದ ಏಜೆಂಟ್, ಸಾಲ ಕೊಡುವ ಬ್ಯಾಂಕು, ಮನೆ ಕಟ್ಟಿಸಿದ ಬಿಲ್ಡರ್ ಹೇಳಿದ ಕಡೆ ಕಡತ ಹೋಗುತ್ತದೆ. ಆರಿಸುವವರು ಇವರು, ಹಣ ಕೊಡುವವರು ಬೇರೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಹೀಗಾಗಿ ಕಂಪನಿಗಳು ದರ ಇಳಿಸುವ ಬದಲು ಕಡತ ಕಳಿಸುವವರನ್ನು ಓಲೈಸುವುದರಲ್ಲಿ ಪೈಪೋಟಿ ನಡೆಸಿದವು. ಅರ್ಥಶಾಸ್ತ್ರಜ್ಞರು ಇದನ್ನು ತಿರುಗುಮುರುಗು ಪೈಪೋಟಿ ಎನ್ನುತ್ತಾರೆ: ಸ್ಪರ್ಧೆ ಹೆಚ್ಚಿದಷ್ಟೂ ಖರ್ಚು ಏರುತ್ತದೆ, ಬೆಲೆ ಇಳಿಯುವುದಿಲ್ಲ.

ಇದಕ್ಕೆ ಕಡಿವಾಣ ಹಾಕಲು ಬಂದದ್ದು ಮನೆ ವ್ಯವಹಾರದ ಶುಲ್ಕಗಳ ಮೇಲಿನ 1974ರ ರೆಸ್ಪಾ ಕಾಯ್ದೆ. ಅದರ 8ನೇ ಕಲಂ ಕಡತ ಕಳಿಸಿದ್ದಕ್ಕೆ ಕಮಿಷನ್ ಕೊಡುವುದನ್ನು ಅಪರಾಧ ಮಾಡಿತು. ದಂಡ 10,000 ಡಾಲರ್, ಜೈಲು ಒಂದು ವರ್ಷದವರೆಗೆ. ಆದರೆ 1983ರ ತಿದ್ದುಪಡಿ, ತಿಳಿಸಿ ಮಾಡಿದರೆ ಏಜೆಂಟರು, ಬಿಲ್ಡರುಗಳು ಟೈಟಲ್ ಸಂಸ್ಥೆಯಲ್ಲೇ ಪಾಲು ಹೊಂದಬಹುದು ಎಂದಿತು. ಕಮಿಷನ್ ಮುಚ್ಚಿದ ಬಾಗಿಲಲ್ಲಿ ಲಾಭಾಂಶ ಒಳಬಂತು. 1992ರಲ್ಲಿ ಟೈಕೋರ್ ಎಂಬ ಟೈಟಲ್ ಕಂಪನಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದರ ಮಂಡಳಿಗಳ ಮೇಲೆ ಪೆಟ್ಟು ಕೊಟ್ಟಿತು: ಇಲಾಖೆ ದರವನ್ನು ನಿಜವಾಗಿ ಪರಿಶೀಲಿಸದೆ ಸುಮ್ಮನಿದ್ದರೆ, ಒಟ್ಟಾಗಿ ದರ ಕಟ್ಟಿದವರಿಗೆ ಸ್ಪರ್ಧಾ ಕಾನೂನಿನಿಂದ ರಾಜ್ಯದ ಹೆಸರಿನ ರಕ್ಷಣೆ ಸಿಗದು.

ಹಣ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವನ್ನು ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2007ರ ವರದಿಯಲ್ಲಿ ಬಿಚ್ಚಿಟ್ಟಿತು. 2005ರಲ್ಲಿ ಟೈಟಲ್ ವಿಮೆಯ ಪರಿಹಾರ ಮತ್ತು ಅದರ ಖರ್ಚು ಪ್ರೀಮಿಯಮ್ಮಿನ ಸುಮಾರು 5% ಮಾತ್ರ. ಆಸ್ತಿ ಮತ್ತು ಅಪಘಾತ ವಿಮೆಯಲ್ಲಿ ಅದು ಸುಮಾರು 73%. ದೊಡ್ಡ ಪಾಲು ಹೋಗುವುದು ಕಡತ ನೋಡಿ ಪಾಲಿಸಿ ಮಾರುವ ಟೈಟಲ್ ಏಜೆಂಟ್ ಸಂಸ್ಥೆಗಳಿಗೆ: ಫ್ಲಾರಿಡಾದಲ್ಲಿ 70%ವರೆಗೆ, ಟೆಕ್ಸಾಸಿನಲ್ಲಿ 85%. 5% ಎಂದಕೂಡಲೇ ಸುಲಿಗೆ ಎನ್ನುವುದು ಅವಸರದ ಮಾತು. ಹುಡುಕಾಟ ಚೆನ್ನಾಗಿ ನಡೆದರೆ ಪರಿಹಾರ ಕಡಿಮೆಯಾಗಲೇಬೇಕು. ಆದರೆ ಕೇಳಬೇಕಾದ ಪ್ರಶ್ನೆ ಬೇರೆ. 3 ಲಕ್ಷದ ಮನೆಯ ಕಡತ ಹುಡುಕುವುದಕ್ಕಿಂತ 6 ಲಕ್ಷದ ಮನೆಯ ಕಡತ ಹುಡುಕುವುದು ಸುಮಾರು ಎರಡರಷ್ಟು ದುಡಿಮೆಯೇ? ಅಲ್ಲ. ಫ್ಲಾರಿಡಾದ ಪ್ರೀಮಿಯಂ ಮಾತ್ರ 1,575ರಿಂದ 3,075 ಡಾಲರಿಗೆ ಏರುತ್ತದೆ.

2015ರಿಂದ ಸಾಲಗಾರರ ಕೈಗೆ ಕ್ಲೋಸಿಂಗಿಗೆ, ಅಂದರೆ ಸಹಿ ಹಾಕಿ ವ್ಯವಹಾರ ಮುಗಿಸುವುದಕ್ಕೆ, ಮೂರು ಕೆಲಸದ ದಿನ ಮೊದಲೇ ಪೂರ್ತಿ ಲೆಕ್ಕದ ಹಾಳೆ ಬರುತ್ತದೆ. ಇದರಲ್ಲೂ ಒಂದು ತೊಡಕು. ಮನೆ ಕೊಂಡವರನ್ನು ಕಾಯುವುದು ಮಾಲೀಕನ ಪಾಲಿಸಿ, ಸಾಲ ಕೊಟ್ಟ ಬ್ಯಾಂಕನ್ನು ಕಾಯುವುದು ಸಾಲದಾತನ ಪಾಲಿಸಿ. ಮಾಲೀಕನ ಪಾಲಿಸಿಯ ಜೊತೆಗೇ ಕೊಂಡರೆ ಫ್ಲಾರಿಡಾದಲ್ಲಿ ಸಾಲದಾತನ ಪಾಲಿಸಿ 25 ಡಾಲರಿಗೆ ಸಿಗುತ್ತದೆ. ಆದರೆ ಹಾಳೆಯ ಸೂತ್ರದಂತೆ ಸಾಲದಾತನ ಪಾಲಿಸಿಯನ್ನು ಪೂರ್ಣ ದರದಲ್ಲಿ ತೋರಿಸಿ, ಉಳಿದದ್ದನ್ನು ಮಾಲೀಕನ ಪಾಲಿಸಿ ಎನ್ನಬೇಕು. ಅದೇ 3 ಲಕ್ಷದ ಮನೆಗೆ ಸಾಲ 2.4 ಲಕ್ಷವಾದರೆ ಕೊಡುವುದು ಒಟ್ಟು 1,600 ಡಾಲರ್. ಹಾಳೆಯಲ್ಲಿ ಕಾಣುವುದು 1,275 ಮತ್ತು 325. ಮೊತ್ತ ಸರಿ, ಬಿಡಿ ಬೆಲೆ ಎರಡೂ ತಪ್ಪು.

ಹಾಗಾದರೆ ಒಂದು ಟೈಟಲ್ ಏಜೆಂಟ್ ಸಂಸ್ಥೆಗೆ ದರದಲ್ಲಿ ಉಳಿದ ಸ್ವಾತಂತ್ರ್ಯ ಯಾವುದು? ಮುಖ್ಯವಾಗಿ ಕ್ಲೋಸಿಂಗ್ ಶುಲ್ಕ. ಹಣವನ್ನು ಎಸ್ಕ್ರೋ ಎಂಬ ಮಧ್ಯಸ್ಥ ಖಾತೆಯಲ್ಲಿಟ್ಟು, ಹಳೆಯ ಸಾಲ ತೀರಿಸಿ, ಸಹಿ ಹಾಕಿಸಿ, ನೋಂದಣಿಗೆ ಕಳಿಸುವ ಕೂಲಿ ಅದು. ಇಲ್ಲಿ ಎರಡು ದಾರಿಗಳಿವೆ. ಒಂದು, ಮೊದಲಿಗೆ ಕಡಿಮೆ ಹೇಳಿ ಕೊರಿಯರ್, ದಾಖಲೆ ತಯಾರಿ, ಹಣ ವರ್ಗಾವಣೆ ಎಂದು ಸಾಲುಸಾಲಾಗಿ ಸೇರಿಸುವುದು. ಇನ್ನೊಂದು, ಎಲ್ಲ ಸೇರಿ ಒಂದೇ ಮೊತ್ತ ಹೇಳುವುದು. ಎರಡನೆಯದಕ್ಕೆ ಒಂದು ಕಡತದ ನಿಜವಾದ ಖರ್ಚು ಗೊತ್ತಿರಬೇಕು. ವ್ಯವಹಾರ ಮುರಿದುಬಿದ್ದು ಬಿಡಿಗಾಸೂ ಬಾರದ ಕಡತಗಳ ದುಡಿಮೆಯನ್ನೂ ಅದರಲ್ಲಿ ಹಂಚಬೇಕು. 2020–21ರಲ್ಲಿ ಬಡ್ಡಿ ಇಳಿದು ಮರುಸಾಲದ ಕಡತಗಳು ರಾಶಿ ಬಿದ್ದವು. 2022ರಲ್ಲಿ ಬಡ್ಡಿ ಏರಿ ರಾಶಿ ಕರಗಿತು. ಸುಗ್ಗಿಯ ಲೆಕ್ಕದಲ್ಲಿ ದರ ಇಟ್ಟವರಿಗೆ ಬರ ಬಂದಾಗ ಸಂಬಳ ಕೊಡುವುದೇ ಕಷ್ಟವಾಯಿತು.

ಈ ಗಂಟು ನಮ್ಮಲ್ಲೂ ಇದೆ. ಕರ್ನಾಟಕದಲ್ಲಿ ನಿವೇಶನ ಕೊಳ್ಳುವವರು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಮೂಲಪತ್ರಗಳನ್ನು ವಕೀಲರಿಗೆ ತೋರಿಸಿ ಅಭಿಪ್ರಾಯ ಪಡೆಯುತ್ತಾರೆ. ಆ ಅಭಿಪ್ರಾಯ ತಪ್ಪಿದರೆ ಕೊಂಡವರ ಸ್ಥಿತಿ ವ್ಯಾಟ್ಸನ್ನನದೇ. 2016ರ ರೇರಾ ಕಾಯ್ದೆಯ 16ನೇ ಕಲಂ, ಸರ್ಕಾರ ಅಧಿಸೂಚನೆ ಹೊರಡಿಸಿದಂತೆ ಬಿಲ್ಡರ್ ಜಮೀನಿನ ಹಕ್ಕಿಗೆ ವಿಮೆ ಮಾಡಿಸಬೇಕು, ಪ್ರೀಮಿಯಂ ತಾನೇ ಕಟ್ಟಬೇಕು, ಪ್ರಯೋಜನ ಕೊಂಡವರಿಗೆ ವರ್ಗವಾಗಬೇಕು ಎನ್ನುತ್ತದೆ. ಆರಿಸುವವರು ಬಿಲ್ಡರ್, ಫಲ ಮತ್ತು ನಷ್ಟ ಎರಡೂ ಫ್ಲ್ಯಾಟಿನವರದು. ಪ್ರೀಮಿಯಂ ಕೊನೆಗೆ ಚದರಡಿಯ ಬೆಲೆಯಲ್ಲಿ ಸೇರಿಕೊಳ್ಳುವುದನ್ನು ಯಾವ ಕಲಮೂ ತಡೆಯದು. ಆದ್ದರಿಂದ ಫ್ಲ್ಯಾಟ್ ಕೊಳ್ಳುವವರು ಕರಾರಿಗೆ ಸಹಿ ಹಾಕುವ ಮುನ್ನ ಪಾಲಿಸಿ ಇದೆಯೇ ಎಂದು ಕೇಳಿ, ಇದ್ದರೆ ಅದರ ಪ್ರತಿ ಪಡೆಯಲಿ: ಯಾವ ಕಂಪನಿ, ಎಷ್ಟು ಮೊತ್ತ, ಯಾವ ದೋಷಗಳನ್ನು ಹೊರಗಿಟ್ಟಿದೆ ಎಂದು ಓದಿ ನೋಡಲಿ.